ಜೋಡಿಯಿಲ್ಲದ ಬೂಟು

ಕಾಳಯ್ಯ ಯಾರನ್ನೇ ಆಗಲಿ ಕಾಲಿನಿಂದ ಮೇಲಕ್ಕೆ ನೋಡುತ್ತಿದ್ದರು. ನೋಟ ಮುಖದವರೆಗೆ ಬರುವಷ್ಟರಲ್ಲಿ ನಮ್ಮ ಅರ್ಧ ಸಮಾಚಾರ ಅವರಿಗೆ ತಿಳಿದುಹೋಗಿರುತ್ತಿತ್ತು. ಅವರು ತೀರಿಕೊಂಡು ಒಂದು ತಿಂಗಳಾಯಿತು. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಅವರ ಅಂಗಡಿಯ ಬಾಗಿಲು ಹಾಕಿದೆ. ಅದರ ಮುಂದೆ ಹೋಗುವಾಗ ನನ್ನ ನಡಿಗೆ ಈಗಲೂ ತಾನಾಗಿ ನಿಧಾನವಾಗುತ್ತದೆ.

ಅಲ್ಲಿ ಬೂಟು ಮಾತ್ರ ಸಿಗುತ್ತಿತ್ತು. ಚಪ್ಪಲಿ ಕೇಳಿ ಬಂದವರಿಗೆ, "ಸಂತೆಗೆ ಓಗಿ, ರಾಶಿ ಆಕವ್ರೆ" ಅನ್ನುತ್ತಿದ್ದರು. ಮೂರು ಗೋಡೆಗೂ ಹಲಗೆ ಹೊಡೆದು ಬೂಟು ಜೋಡಿಸಿದ್ದರು. ಬಂಡೀಪುರದ ಗಾರ್ಡುಗಳಿಗೆ ಕಣಕಾಲು ಮುಚ್ಚುವಂಥದ್ದು, ವಯನಾಡಿನ ತೋಟದ ಮೇಸ್ತ್ರಿಗಳಿಗೆ ಜಿಗಣೆ ನುಗ್ಗದಂತೆ ಲೇಸಿನ ಕೆಳಗಿನ ನಾಲಗೆಯ ಎರಡು ಕಡೆಯೂ ಹೊಲಿದದ್ದು, ಕಾಡಿನಲ್ಲಿ ದಿಮ್ಮಿ ಎಳೆಸುವವರಿಗೆ ಅಟ್ಟೆಯ ತುಂಬ ದಪ್ಪ ತಲೆಯ ಮೊಳೆ ಹೊಡೆದದ್ದು. ಭೀಮನಬೀಡಿನಿಂದ ಸಂತೆಗೆ ಬಂದಾಗಲೆಲ್ಲ ನಾನು ಆ ಹರಳೆಣ್ಣೆ ಮತ್ತು ಮೇಣದ ವಾಸನೆಯೊಳಗೆ ಹೋಗಿ ನಿಲ್ಲುತ್ತಿದ್ದೆ. ಆಗ ಕೊಳ್ಳುವ ಶಕ್ತಿ ಇರಲಿಲ್ಲ. ಒಂದೊಂದನ್ನೇ ಇಳಿಸಿ, ಒಳಗೆ ಕೈ ತೂರಿಸಿ, ಹೊಲಿಗೆ ಎಲ್ಲಿ ಮುಗಿಯುತ್ತದೆಂದು ಹುಡುಕುತ್ತಿದ್ದೆ. ಕೊನೆಯ ಗಂಟು ಒಂದು ದಿನವೂ ಸಿಗಲಿಲ್ಲ.

"ನೋಡು ನೋಡು," ಅನ್ನುತ್ತಿದ್ದರು ಕಾಳಯ್ಯ. "ನೋಡಿದ್ರೆ ತೊಗಲೇನ್ ಸವೆಯಾಕಿಲ್ಲ."

ಅಳತೆ ಕೊಡುವವರು ಪಾದವನ್ನು ಅವರ ಅಂಗೈ ಮೇಲೆ ಇಡಬೇಕು, ಅದು ಅಂಗಡಿಯ ನಿಯಮ. ಚಾಮರಾಜನಗರದ ಜಮೀನುದಾರರೊಬ್ಬರು ಇವರ ಕೈಯಿಂದ ಮುಟ್ಟಿಸಿಕೊಳ್ಳಲು ಮನಸ್ಸಿಲ್ಲದೆ, ಪಾದದ ಗೆರೆ ಎಳೆದ ಕಾಗದವನ್ನು ಆಳಿನ ಕೈಯಲ್ಲಿ ಕಳಿಸಿದ್ದರು. ಕಾಳಯ್ಯ ಅದನ್ನು ನಾಲ್ಕು ಮಡಿಕೆ ಮಾಡಿ ಹಿಂದಕ್ಕೆ ಕೊಟ್ಟರು.

"ನಾನು ಮುಟ್ದೆ ಇರೋ ಕಾಲ್ನ ಬೂಟು ಕಚ್ತದೆ ಅನ್ನು ನಿಮ್ ಬುದ್ದಿಯೋರ್ಗೆ. ಕಾಗ್ದಕ್ಕೆ ಬೂಟ್ ಒಲ್ಯಾಕೆ ನಂಗ್ ಬರಾಕಿಲ್ಲ."

ಎರಡು ವಾರದ ಮೇಲೆ ಜಮೀನುದಾರರೇ ಗಾಡಿ ಇಳಿದು ಬಂದು ಅಂಗೈ ಮೇಲೆ ಕಾಲಿಟ್ಟರು. ಮುಖ ಮಾತ್ರ ಬೀದಿಯ ಕಡೆಗಿತ್ತು. ನಾನು ಮೂಲೆಯಲ್ಲಿ ಬೂಟು ಹಿಡಿದು ನಗು ತಡೆದುಕೊಂಡಿದ್ದೆ. ನನ್ನ ಸರದಿ ಬಂದಾಗ ನಾನು ಮಾಡಿದ್ದು ಅದಕ್ಕಿಂತ ಕಡೆ.

ಚಿಕ್ಕಂದಿನಲ್ಲಿ ನನ್ನ ಎಡಗಾಲ ಮೇಲೆ ಗಾಡಿಚಕ್ರ ಹರಿದಿತ್ತು. ಬೆರಳುಗಳು ಒಂದರ ಮೇಲೊಂದು ಕೂಡಿಕೊಂಡು ಪಾದದ ಮುಂಭಾಗ ಅಗಲವಾಗಿತ್ತು. ಜಮೀನುದಾರರು ಬಂದುಹೋದ ವರ್ಷವೇ ನನಗೆ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಕೆಲಸಕ್ಕೆ ಕರೆ ಬಂತು. ಒಂದು ಸೋಮವಾರ ರೇಂಜರ ಜೊತೆ ಬೂಟು ಹಾಕಿಕೊಂಡು ಗೋಪಾಲಸ್ವಾಮಿ ಬೆಟ್ಟ ಹತ್ತಿ ತೋರಿಸಬೇಕಿತ್ತು. ಕುಂಟಿದರೆ ಕೆಲಸವಿಲ್ಲ. ಕಾಲಿನ ವಿಷಯ ಗುಂಡ್ಲುಪೇಟೆಯಲ್ಲಿ ಬಾಯಿಂದ ಬಾಯಿಗೆ ಹೋಗಿ ರೇಂಜರ ಕಿವಿಗೆ ಬಿದ್ದೀತೆಂದು ನನಗೆ ಭಯ. ಬೆಟ್ಟ ಹತ್ತುವ ದಿನವನ್ನಷ್ಟೇ ಹೇಳಿ, ಕಾಳಯ್ಯನವರ ಅಂಗೈ ಮೇಲೆ ಬಲಗಾಲು ಇಟ್ಟೆ. ಎಡಗಾಲನ್ನು ಪಂಚೆಯೊಳಗೆ ಮಡಿಸಿಕೊಂಡೇ ಕೂತೆ.

"ಅದು?"

"ಎರಡೂ ಒಂದೇ ಅಳತೆ ಕಾಳಣ್ಣ."

ಅವರು ಬಾಗಿಲಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿಗಳ ಕಡೆ ಒಮ್ಮೆ ನೋಡಿ, "ಆಗ್ಲಿ ಬುಡು" ಅಂದರು.

ಮುಂದಿನ ಸಂತೆಯ ದಿನ ಹೋದಾಗ ಮೇಲಿನ ಹಲಗೆಯಲ್ಲಿ ಒಂಟಿ ಬೂಟೊಂದಿತ್ತು, ಎಡಗಾಲಿನದು. ಮುಂಭಾಗಕ್ಕೆ ಇನ್ನೂ ಹೊಲಿಗೆ ಹಾಕಿರಲಿಲ್ಲ. ಜೋಡಿಯಿಲ್ಲದ ಬೂಟನ್ನು ಆ ಅಂಗಡಿಯಲ್ಲಿ ನಾನು ಕಂಡಿದ್ದು ಅದೇ ಮೊದಲು.

"ಇದು ಯಾರ್ದು ಕಾಳಣ್ಣ?"

"ಅದರ ಯಜಮಾನ ಇನ್ನೂ ಬಾಯ್ಬುಟ್ಟಿಲ್ಲ ಕಣಪ್ಪ."

ಶನಿವಾರ ನನ್ನ ಜೋಡಿ ಸಿಕ್ಕಿತು. ಹಾಕಿಕೊಂಡು ಊರಿನ ಕಡೆ ನಡೆದೆ. ಅರ್ಧ ದಾರಿಯಲ್ಲಿ ಎಡಗಾಲು ರಕ್ತವಾಯಿತು. ಭಾನುವಾರ ಬೆಳಿಗ್ಗೆ ಬೂಟುಗಳನ್ನು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಕುಂಟುತ್ತ ಅಂಗಡಿಗೆ ಬಂದೆ. ಕೂತು, ಎಡಗಾಲನ್ನು ಅವರ ಅಂಗೈ ಮೇಲೆ ಇಟ್ಟೆ.

ಕಾಳಯ್ಯ ಒದ್ದೆ ಬಟ್ಟೆಯಲ್ಲಿ ರಕ್ತ ಒರೆಸಿದರು. ಬೆರಳುಗಳನ್ನು ಒಂದೊಂದಾಗಿ ತಡವಿ ನೋಡಿದರು. ಆಮೇಲೆ ಎದ್ದು ಆ ಒಂಟಿ ಬೂಟನ್ನು ಇಳಿಸಿದರು.

"ನಿನ್ ಚಪ್ಲಿ ಆವತ್ತೇ ಏಳ್ತು. ಎಡದ್ದು ಒರಗಡೆ ಸವೆದಿತ್ತು. ನೀನ್ ಬೂಟ್ ನೋಡ್ತಾ ನಿಂತಿದ್ದಾಗ ದಾರದಲ್ಲಿ ಅದ್ರ ಅಳ್ತೆ ತಗಂಡೆ."

"ಮತ್ತೆ ಆವತ್ತೇ ಕೊಡಬಾರದಿತ್ತ?"

"ಕೇಳ್ದೆ ಕೊಟ್ರೆ ಕದ್ದು ನೋಡ್ದಂಗಾಯ್ತದೆ. ಅಲ್ದೆ ಮುಟ್ದೆ ಮುಂದ್ಗಡೆ ಎಂಗ್ ಒಲೀಲಿ? ಕೂತ್ಕ. ಇವತ್ ನೀನು ಬರ್ದೆ ಓಗಿದ್ರೆ ನಾನೇ ಬೆಟ್ಟದ ಬುಡಕ್ಕೆ ಬತ್ತಿದ್ದೆ."

ಮಧ್ಯಾಹ್ನದವರೆಗೆ ಹೊಲಿದರು. ಹೊಲಿಗೆ ಎಲ್ಲಿ ಮುಗಿಯುತ್ತದೆಂದು ನೋಡಲೇಬೇಕೆಂದು ಕೂತಿದ್ದೆ. ಸರಿಯಾಗಿ ಕೊನೆಗೆ, "ಚೊಂಬಲ್ ನೀರ್ ತಕ್ಕಂಬಾ" ಎಂದು ಎಬ್ಬಿಸಿ ಕಳಿಸಿದರು. ಸೋಮವಾರ ಬೆಟ್ಟ ಹತ್ತಿದೆ. ರೇಂಜರು ಬೂಟು ನೋಡಿ ಚೆನ್ನಾಗಿದೆ ಅಂದರು. ಕೆಲಸ ಸಿಕ್ಕಿತು.

ನನ್ನ ಕಾಲು ಕಚ್ಚಿದ ಎಡಗಾಲಿನ ಬೂಟು ಅದೇ ಹಲಗೆಯಲ್ಲಿ ಉಳಿಯಿತು. ಅದು ಯಾರದೆಂದು ಗಿರಾಕಿಗಳು ಕೇಳಿದರೆ ಕಾಳಯ್ಯ, "ಅದಾ? ಒಂದು ಸುಳ್ಳಿಂದು, ಬುದ್ದಿ" ಅನ್ನುತ್ತಿದ್ದರು. ನಾನು ಅಲ್ಲೇ ನಿಂತಿದ್ದರೂ ನನ್ನ ಕಡೆ ನೋಡುತ್ತಿರಲಿಲ್ಲ.

ಕೊನೆಯ ಸಲ ಕಂಡಾಗ ಅವರು ಚಾಪೆಯ ಮೇಲೆ ಮಲಗಿದ್ದರು. ನನ್ನ ಬೂಟು ಬಿಚ್ಚಿಸಿ ಅಟ್ಟೆ ತಡವಿದರು. "ಇನ್ನೊಂದ್ ಮಳೆಗಾಲಕ್ಕೆ ಬತ್ತದೆ ಕಣಪ್ಪ."

ಅವರನ್ನು ಎತ್ತಿದ ದಿನ ನಮ್ಮ ಗಾರ್ಡುಗಳೆಲ್ಲ ಬಂದಿದ್ದರು. ಮಣ್ಣಿಗೆ ಹೋಗುವಾಗ ಕಾಲಲ್ಲಿ ಏನೂ ಹಾಕುವಂತಿಲ್ಲ. ಬೂಟುಗಳನ್ನು ಅಂಗಡಿಯ ಮುಂದೆ ಸಾಲಾಗಿ ಬಿಟ್ಟರು. ನಾನು ಸ್ವಲ್ಪ ಹೊತ್ತು ನಿಂತೆ. ಆಮೇಲೆ ನನ್ನವನ್ನೂ ಬಿಚ್ಚಿ ಆ ಸಾಲಿನ ಕೊನೆಯಲ್ಲಿಟ್ಟೆ.

ನಾಲ್ಕು ವರ್ಷ ಜೊತೆಯಲ್ಲಿ ಕಾಡು ಸುತ್ತಿದ್ದ ಗಾರ್ಡ್ ಸಿದ್ದ, ಪಕ್ಕದಲ್ಲಿ ನಡೆಯುತ್ತ ಕೆಳಗೆ ನೋಡಿದ.

"ಏನ್ಲಾ ನಂಜುಂಡ, ನಿನ್ ಕಾಲು ಇಂಗದೆ?"

"ಊ ಕಣ್ಲಾ," ಅಂದೆ. "ಮೊದ್ಲಿಂದ್ಲೂ ಇಂಗೇ."