ಮಾತಿಲ್ಲದ ಕರೆಗೆ ಕಿವಿಗೊಟ್ಟ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಿಟಕಿಯೇ ಇಲ್ಲದ ಆ ಕೋಣೆಯಲ್ಲಿ ಬೆಳಕು ಹರಿದರೇನು, ಬಿಟ್ಟರೇನು! ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುವಷ್ಟರಲ್ಲಿ ಅಕ್ಕನಿಗೆ ಕರೆ ಬರುತ್ತದೆ. ಮನೆಗಳಿಗೆ ಆಕ್ಸಿಜನ್ ಯಂತ್ರ ಬಾಡಿಗೆಗೆ ಕೊಡುವ ಕಂಪನಿಯ ಸಹಾಯವಾಣಿ ಇದು. ಬೆಳಗಿನ ಪಾಳಿಗೆ ಇಬ್ಬರೇ. ಅವರಲ್ಲಿ ಹಿರಿಯರನ್ನು ಮ್ಯಾನೇಜರ್ ಕೂಡ ಅಕ್ಕ ಎಂದೇ ಕರೆಯುತ್ತಾರೆ.

“ನಮ್ಮನೆಯವರ ಮಷೀನ್ ನಿಂತುಹೋಗಿದೆ. ಇದ್ದ ಸಿಲಿಂಡರೂ ಖಾಲಿ ಆಗ್ತಿದೆ, ಮುಳ್ಳು ಕೆಂಪಿಗೆ ಬಂದಿದೆ. ಆಂಬುಲೆನ್ಸ್ ತಡ ಆಗುತ್ತಂತೆ. ಬೇಗ ಯಾರನ್ನಾದ್ರೂ ಕಳಿಸಮ್ಮ.”

ಕಂಪನಿಯ ವ್ಯಾನ್ ಕೆಳಗೇ ನಿಂತಿದೆ. ಆದರೆ ಗ್ರಾಹಕರ ಖಾತೆಯನ್ನು ಪರದೆಯಲ್ಲಿ ತೆರೆಯದೆ ಅದು ಹೊರಡುವಂತಿಲ್ಲ. ಖಾತೆ ತೆರೆಯಬೇಕಾದರೆ ಗ್ರಾಹಕರೇ ತಮ್ಮ ಹುಟ್ಟಿದ ದಿನಾಂಕ ತಿಳಿಸಬೇಕು. ಹೆಂಡತಿ ಹೇಳಿದರೆ ನಡೆಯದು.

“ಅವರಿಗೆ ಫೋನ್ ಕೊಡ್ತೀರಾ ಅಮ್ಮ?”

“ಉಸಿರಾಡೋಕೇ ಆಗ್ತಿಲ್ಲ, ಮಾತೆಲ್ಲಿಂದ ತರ್ಲಿ? ಇಷ್ಟು ವರ್ಷ ಸಂಸಾರ ಮಾಡಿದೀನಿ, ನಾನೇನು ಹೊರಗಿನವಳಾ?”

ನಿಯಮವೇನೂ ಸುಮ್ಮನೆ ಬಂದದ್ದಲ್ಲ. ಹಿಂದೊಮ್ಮೆ ಗ್ರಾಹಕಿಯೊಬ್ಬಳ ಬಗ್ಗೆ ‘ನಾನು ಅವಳ ಅಣ್ಣ’ ಎಂದವನಿಗೆ ಸಹೋದ್ಯೋಗಿಯೊಬ್ಬಳು ಆಕೆಯ ವಿಳಾಸ ಹೇಳಿಬಿಟ್ಟಳು. ಆ ಗ್ರಾಹಕಿ ಅವನಿಗೆ ಹೆದರಿಯೇ ಮನೆ ಬದಲಿಸಿದ್ದವಳು. ಸಹೋದ್ಯೋಗಿಯ ಕೆಲಸವೂ ಹೋಯಿತು. ಗಂಡನಿಲ್ಲದ ಅಕ್ಕನ ಮನೆ, ಅತ್ತೆಯ ಔಷಧಿ, ಮಗಳ ಕಾಲೇಜು ಎಲ್ಲ ಈ ಕುರ್ಚಿಯನ್ನೇ ನೆಚ್ಚಿಕೊಂಡಿವೆ. ಹಾಗಂತ ಫೋನಿನ ಆ ತುದಿಯಲ್ಲಿ ಒಂದು ಜೀವ ಒದ್ದಾಡುವುದನ್ನು ಕೇಳಿಕೊಂಡು ಕೂರಲಾದೀತೇ?

“ಅಳಬೇಡಿ ಅಮ್ಮ. ಫೋನ್ ಅವರ ಕೈಯಲ್ಲಿಡಿ. ಮಾತು ಬೇಡ. ಹುಟ್ಟಿದ ದಿನ, ತಿಂಗಳು, ವರ್ಷ, ಗುಂಡಿ ಒತ್ತಲಿ ಸಾಕು.”

ಬೀಪ್. ಅಂಕಿಯೊಂದು ಪರದೆಯ ಮೇಲೆ ಮೂಡುತ್ತದೆ. ಆಮೇಲೆ ಏನೂ ಇಲ್ಲ. ಮತ್ತೊಂದು ಬೀಪ್. ಕೊನೆಯ ಅಂಕಿ ಬೀಳುವ ಹೊತ್ತಿಗೆ ಪಕ್ಕದ ಹುಡುಗಿ ಎದ್ದು ನಿಂತಿದ್ದಾಳೆ. ಖಾತೆ ತೆರೆಯುತ್ತದೆ, ವ್ಯಾನ್ ಹೊರಡುತ್ತದೆ.

ಮಧ್ಯಾಹ್ನ ಅಕ್ಕನ ಕೈಗೆ ಬಂದದ್ದು ಶಹಬ್ಬಾಸ್ ಅಲ್ಲ, ನೋಟಿಸು. ಗ್ರಾಹಕರ ದನಿ ದಾಖಲಾಗಿಲ್ಲವಂತೆ, ವಿವರಣೆ ಕೊಡಬೇಕಂತೆ.

“ಕೊಡ್ತೀನಿ, ಅದಕ್ಕೇನು?” ಎನ್ನುತ್ತಾರೆ ಅಕ್ಕ. “ಆದ್ರೆ ವ್ಯಾನ್ ತಲುಪಿತು ಅಂತ ಪರದೆ ಹೇಳುತ್ತೆ, ಮನುಷ್ಯ ಉಳಿದ್ರಾ ಅಂತ ಹೇಳಲ್ಲ. ನಾವಾಗಿ ಫೋನ್ ಮಾಡಿ ವಿಚಾರಿಸೋ ಹಾಗೂ ಇಲ್ಲ. ಅದೇ ಸಂಕಟ.” ನಿಯಮದಲ್ಲಿ ಏನು ಬದಲಾಗಬೇಕು ಎಂದು ಪಕ್ಕದ ಹುಡುಗಿ ಕೇಳಿದರೆ, “ಗುಟ್ಟು ಕಾಯ್ಲಿ, ಬೇಡ ಅನ್ನಲ್ಲ. ಮಾತಾಡೋಕಾಗದವರಿಗೆ ಅಂತ ಒಂದು ಸಾಲು ಸೇರಿಸಲಿ” ಎನ್ನುತ್ತಾರೆ.

ನೋಟಿಸಿಗೆ ಉತ್ತರ ಬರೆದ ಮರುದಿನ ಬೆಳಿಗ್ಗೆ ಇನ್ನೊಂದು ಕರೆ. ಅಕ್ಕ ನಮಸ್ಕಾರ ಹೇಳಿದರೂ ಅತ್ತಲಿಂದ ಮಾತಿಲ್ಲ. ಹಿಂದೆಲ್ಲೋ ಯಂತ್ರ ಗುಂಯ್‌ಗುಡುತ್ತಿದೆ. ಬೀಪ್, ಬೀಪ್. ಪರದೆಯ ಮೇಲೆ ಅದೇ ದಿನ, ಅದೇ ತಿಂಗಳು, ಅದೇ ವರ್ಷ.

“ಸರ್... ಏನು ಸಹಾಯ ಬೇಕಿತ್ತು?”

“ಏನೂ ಬೇಡಮ್ಮ.” ದನಿ ಒರಟಾಗಿದೆ, ನಡುನಡುವೆ ಉಸಿರು ಎಳೆದುಕೊಳ್ಳುತ್ತದೆ. “ಇವತ್ತು ಬಾಯಲ್ಲೇ ಹೇಳಬಹುದಿತ್ತು. ಹೀಗೆ ಹೇಳಿದ್ರೆ ಯಾರು ಅಂತ ನಿಮಗೆ ಗೊತ್ತಾಗುತ್ತೆ ಅನ್ಕೊಂಡೆ.”

ಉತ್ತರವಾಗಿ ಅಕ್ಕ ಕೈ ಚಾಚಿ ತಮ್ಮ ಫೋನಿನ ಅಂಕಿಯ ಗುಂಡಿಯೊಂದನ್ನು ಒತ್ತುತ್ತಾರೆ. ಬೀಪ್.