ಗೋವಿಂದಯ್ಯನವರ ಹತ್ತೊಂಬತ್ತು ಖಾನೆಗಳು

ಹೆರಿಗೆ ನೋವು ತಿನ್ನುತ್ತಿರುವ ಮಗಳನ್ನು ಎಲ್ಲಿ ಮಲಗಿಸಬೇಕು? ಮೊಳೆಯ ಖಾನೆಯ ಮೇಲೋ, ಚಿಲಕದ ಖಾನೆಯ ಮೇಲೋ? (ನಗಬೇಡಿ. ಕಳೆದ ಸೋಮವಾರ ಬೆಳಿಗ್ಗೆ ರಾಜಾಜಿನಗರದ ನಮ್ಮ ಬೀದಿಯಲ್ಲಿ ಆರು ಜನ ನಿಂತು ಯೋಚಿಸಿದ ಪ್ರಶ್ನೆ ಇದು.)

ಪಕ್ಕದ ಮನೆಯ ಗೋವಿಂದಯ್ಯನವರು ಕಬ್ಬಿಣದ ಸಾಮಾನಿನ ವ್ಯಾಪಾರಿ. ಬಡಾವಣೆಯಲ್ಲಿ ಏಳುತ್ತಿರುವ ಹೊಸ ಮನೆಗಳಿಗೆ ಮೊಳೆ, ಚಿಲಕ ಒಯ್ದು ಕೊಡಲು, ಮಿಲಿಟರಿಯವರು ಹರಾಜು ಹಾಕಿದ ಒಂದು ಪಿಕಪ್ ವ್ಯಾನ್ ತಂದರು. ತೆರೆದ ಹಿಂಭಾಗವನ್ನು ಕಂಡು ಅವರಿಗೆ ಸಂಕಟವಾಯಿತು. ಇಷ್ಟು ಜಾಗ ಸುಮ್ಮನೆ ಬಿದ್ದಿರುವುದೆ?

ಎರಡು ತಿಂಗಳು, ಭಾನುವಾರವೆಲ್ಲ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಕೊಯ್ದು, ತಮ್ಮ ಕೈಯಾರೆ ಹಿಂಭಾಗದ ತುಂಬ ಹತ್ತೊಂಬತ್ತು ಖಾನೆ ಮಾಡಿದರು. ನಾನು ಎಣಿಸಿದ್ದೇನೆ. ಸುತ್ತಿಗೆಗೊಂದು, ಹಾರೆಗೊಂದು, ಬುತ್ತಿಗೊಂದು, ಚಕ್ರಕ್ಕೆ ಇಡುವ ನಿಂಬೆಹಣ್ಣಿಗೂ ಒಂದು. ಮಳೆ ನೀರು ಇಳಿಯಲೆಂದು ಮುಚ್ಚಳಗಳೆಲ್ಲ ಇಳಿಜಾರು. ಪ್ರತಿ ಶುಕ್ರವಾರ ಪ್ರತಿ ಮುಚ್ಚಳಕ್ಕೂ ಅರಿಶಿನ ಕುಂಕುಮ.

ಅಂದು ಅವರ ಮಗಳು ಸಾವಿತ್ರಿಗೆ ದಿನ ತುಂಬುವ ಮುಂಚೆಯೇ ನೋವು ಬಂತು. ಜಟಕಾ ಹುಡುಕಲು ಹೋದವರು ಬರಲಿಲ್ಲ. ವ್ಯಾನಿನ ಮುಂದಿನ ಸೀಟಿನಲ್ಲಿ ಕೂರುವುದು ಅವಳಿಂದ ಆಗಲಿಲ್ಲ. ನಾಲ್ಕು ಜನ ಹಾಸಿಗೆ ಸಮೇತ ಎತ್ತಿ ಹಿಂಭಾಗಕ್ಕೆ ತಂದೆವು. ಒಂದು ಮೂಲೆ ನನ್ನ ಕೈಯಲ್ಲಿತ್ತು. ಎರಡು ಸಲ ಇಟ್ಟೆವು, ಎರಡು ಸಲವೂ ಹಾಸಿಗೆ ಜಾರಿತು. ಎರಡನೆಯ ಸಲ ಅವಳು ನನ್ನ ಮಣಿಕಟ್ಟು ಹಿಡಿದಳು. ಉಗುರಿನ ಗುರುತು ಇನ್ನೂ ಇದೆ.

ಖಾನೆ ಒಡೆಯೋಣ ಎಂದೆ. ಗೋವಿಂದಯ್ಯನವರು ಅಡ್ಡ ನಿಂತರು.

"ಮೊನ್ನೆ ಶುಕ್ರವಾರ ತಾನೆ ಪೂಜೆ ಆಗಿದೆ ಸ್ವಾಮಿ. ಕುಂಕುಮ ಇಟ್ಟಿದ್ದನ್ನ ಇಂಥ ಹೊತ್ತಲ್ಲಿ ಒಡೀಬಾರ್ದು. ಬಿಚ್ತೀನಿ ತಾಳಿ, ಒಂದೊಂದೇ ಸ್ಕ್ರೂ."

ಒಂದು ಖಾನೆಗೆ ಎಂಟು ಸ್ಕ್ರೂ. ಸ್ಕ್ರೂಡ್ರೈವರ್ ಯಾವ ಖಾನೆಯಲ್ಲಿದೆ ಎಂಬುದು ಅವರಿಗೇ ಮರೆತಿತ್ತು. ಒಂದೊಂದೇ ಮುಚ್ಚಳ ತೆರೆದು ನೋಡಿದರು. (ನೋಡಿದ ಮೇಲೆ ಮತ್ತೆ ಮುಚ್ಚಿದರು. ಶಿಸ್ತು ಎಂದರೆ ಶಿಸ್ತು.) ಸಾವಿತ್ರಿ ಈಗ ಕೂಗುವುದನ್ನೂ ನಿಲ್ಲಿಸಿದ್ದಳು.

ಹೆಂಡತಿ ಕಮಲಮ್ಮ ಗಂಡನನ್ನು ಪಕ್ಕಕ್ಕೆ ಸರಿಸಿ, ಅವರು ಆಗಷ್ಟೇ ತೆರೆದಿದ್ದ ಖಾನೆಯಿಂದ ಹಾರೆ ಎಳೆದುಕೊಂಡರು.

"ನನ್ನ ಮಗಳ ಹಣೇಲೂ ಕುಂಕುಮ ಇದೆ ಕಣ್ರೀ. ಅದು ಕಾಣ್ಸಲ್ವಾ ನಿಮ್ಗೆ?"

ಏಳು ಖಾನೆ ಹೋದವು. ಹಾಸಿಗೆ ಸಮವಾಗಿ ಕೂತಿತು. ಆಸ್ಪತ್ರೆ ಮುಟ್ಟಿದ ಕಾಲು ಗಂಟೆಗೆ ಗಂಡುಮಗು. ಇಬ್ಬರೂ ಕ್ಷೇಮ.

ನಿನ್ನೆ ಭಾನುವಾರ ಗೋವಿಂದಯ್ಯನವರು ಮತ್ತೆ ಗರಗಸ ಹಿಡಿದಿದ್ದರು. ಒಡೆದದ್ದೆಲ್ಲ ಸರಿಯಾದ ಮೇಲೆ ಇಪ್ಪತ್ತನೆಯ ಖಾನೆಯಂತೆ, ಮೊಮ್ಮಗನಿಗೆ. ಆಸ್ಪತ್ರೆಗೆ ಹೋಗಿ, ದಾರ ಹಿಡಿದು, ಅವನ ಉದ್ದ ಅಳೆದು ತಂದಿದ್ದಾರೆ.

ಮಗು ಬೆಳೆಯುತ್ತದೆ ಎಂದು ಅವರಿಗೆ ಹೇಳುವವರು ಯಾರು?