ಏರು ಹತ್ತದ ರೈಲು

ಮೊನ್ನೆ ಮದ್ದೂರಿನ ಪೇಟೆಬೀದಿಯಲ್ಲಿ ಯಾರೋ ಪ್ಲೈವುಡ್ ಕೊಯ್ಯುತ್ತಿದ್ದರು. ಮರದ ಪುಡಿಗೆ ಅಂಟಿನ ವಾಸನೆ ಬೆರೆತ ಆ ಘಾಟು ಮೂಗಿಗೆ ಬಡಿದದ್ದೇ ತಡ, ತರಕಾರಿ ಕೊಳ್ಳುವುದನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದುಬಿಟ್ಟೆ. ಬಂದವನಿಗೆ ಕೂರಲೂ ಆಗಲಿಲ್ಲ...

ನಮ್ಮ ಬೀದಿಯ ಕೊನೆಯಲ್ಲಿ ಮರಗೆಲಸದ ಅಂಗಡಿ ಇಟ್ಟಿದ್ದ ಭಾಯ್ ನೆನಪಾಗಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮಂಡ್ಯದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು. ನನಗೆ ಆಗ ಮನೆಯಲ್ಲೇ ಹಳಿ ಹಾಸಿ ಓಡಿಸುವ ಪುಟ್ಟ ಆಟಿಕೆ ರೈಲುಗಳ ಹುಚ್ಚು. ಹಳಿ ಎಲ್ಲಿ ಎಷ್ಟು ಎತ್ತರದಲ್ಲಿರಬೇಕು ಎಂದು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುತ್ತಿದ್ದೆ. ಒಂದೊಂದು ಜಾಗಕ್ಕೂ ಎತ್ತರ ಕೊಟ್ಟರೆ, ನಡುವಿನ ಏರು ನೂರು ಅಂಗುಲಕ್ಕೆ ಎಷ್ಟು ಅಂಗುಲ ಎಂದು ಆ ಸಾಫ್ಟ್‌ವೇರ್ ತಾನೇ ತೋರಿಸುತ್ತಿತ್ತು. ಅದೇ ಅಳತೆಗೆ ಹಳಿಯ ಕೆಳಗಿನ ಮರದ ಆಸರೆಗಳನ್ನು ಭಾಯ್ ಕೊಯ್ದು ಕೊಟ್ಟರು.

ಜೋಡಿಸುವ ದಿನ ಅವರು ನಮ್ಮ ಮನೆಗೆ ಬಂದು, ಒಂದು ಹಳಿ ಇನ್ನೊಂದರ ಮೇಲೆ ಹಾಯುವ ಪುಟ್ಟ ಸೇತುವೆಯ ಹತ್ತಿರ ಬಗ್ಗಿ, ಒಂದು ಕಣ್ಣು ಮುಚ್ಚಿ ಹಳಿಯುದ್ದಕ್ಕೂ ನೋಡಿದರು.

“ಮೇಷ್ಟ್ರೇ, ಇಲ್ಲಿ ಏರು ಜಾಸ್ತಿ ಆಯ್ತು. ಗಾಡಿ ಅತ್ತಾಕಿಲ್ಲ.”

“ಲೆಕ್ಕ ಹಾಕಿರೋದು ಕಂಪ್ಯೂಟರು ಭಾಯ್. ನೀವು ಮೊಳೆ ಹೊಡೀರಿ,” ಅಂದೆ.

ಭಾನುವಾರ ರೈಲು ನೋಡಲು ಕಾಲೇಜಿನ ಮೂವರು ಗೆಳೆಯರು ಬಂದರು. ಭಾಯ್‌ಗೂ ಹೇಳಿದ್ದೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ರೈಲು ಸೇತುವೆಯ ಹತ್ತಿರ ಹೋಗಿ ನಿಂತಲ್ಲೇ ಚಕ್ರ ತಿರುಗಿಸಿತು, ಹಿಂದಕ್ಕೆ ಜಾರಿತು, ಡಬ್ಬಿಗಳು ಒಂದರ ಮೇಲೊಂದು ಉರುಳಿದವು. ಗೆಳೆಯರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

“ಭಾಯ್ ಅಳತೆ ತಪ್ಪಿ ಕೊಯ್ದುಬಿಟ್ಟಿದ್ದಾರೆ,” ಅಂದೆ. ಎಲ್ಲರ ಎದುರಿಗೇ.

ಅವರು ನನ್ನ ಮುಖವನ್ನೊಮ್ಮೆ ನೋಡಿದರು. “ಇರ್ಬೌದು ಬುಡಿ. ವಯಸ್ಸಾಯ್ತು,” ಎಂದವರೇ ಚಪ್ಪಲಿ ಮೆಟ್ಟಿ ಹೊರಟುಹೋದರು.

ಎಲ್ಲರೂ ಹೋದ ಮೇಲೆ ನಕ್ಷೆ ತೆರೆದೆ. ಸೇತುವೆಯ ಕೆಳಗೆ ಇನ್ನೊಂದು ರೈಲು ಹಾಯಲು ಜಾಗ ಸಾಲದೆಂದು, ಅಲ್ಲಿನ ಎತ್ತರವನ್ನು ಭಾಯ್‌ಗೆ ಅಳತೆ ಕೊಡುವ ಮುನ್ನ ಕೊನೇ ಗಳಿಗೆಯಲ್ಲಿ ನಾನೇ ಒಂದಂಗುಲ ಹೆಚ್ಚಿಸಿದ್ದೆ. ಅದರ ಹಿಂದಿನ ಏರು ನೂರಕ್ಕೆ ಎರಡಿದ್ದದ್ದು ಐದಕ್ಕೆ ಹೋಗಿ ಕೂತಿತ್ತು. ಕಣ್ಣೆದುರೇ ಇತ್ತು. ನಾನು ನೋಡಿರಲಿಲ್ಲ...

ನಾಳೆ ಹೋಗಿ ಹೇಳಬೇಕು ಅಂದುಕೊಂಡೆ. ದಿನಾ ಅಂಗಡಿಯ ಮುಂದೆ ಬೈಕು ನಿಧಾನ ಮಾಡುತ್ತಿದ್ದೆ. ಅವರು ತಲೆಯೆತ್ತುವಷ್ಟರಲ್ಲಿ ಮುಂದಕ್ಕೆ ಹೋಗಿಬಿಡುತ್ತಿದ್ದೆ. ಹೀಗೇ ತಿಂಗಳುಗಳು ಕಳೆದವು. ಒಂದು ದಿನ ಅಂಗಡಿಗೆ ಬೀಗ ಬಿದ್ದಿತ್ತು. ಮಳವಳ್ಳಿಯ ಮಗಳ ಮನೆಗೆ ಹೋದವರು ಅಲ್ಲೇ ತೀರಿಕೊಂಡರೆಂದು ಪಕ್ಕದ ಅಂಗಡಿಯವರು ಹೇಳಿದರು.

ಮಾರನೆಯ ದಿನವೇ ಬಸ್ಸು ಹತ್ತಿದೆ. ಬಾಗಿಲಲ್ಲಿ ನಿಂತೇ ಅವರ ಮಗಳಿಗೆ ಹೇಳಿದೆ: “ಅವತ್ತು ರೈಲು ಬಿದ್ದದ್ದು ನಿಮ್ಮ ತಂದೆಯ ತಪ್ಪಲ್ಲಮ್ಮ. ನನ್ನದು.”

ಆಕೆಗೆ ಏನೂ ತಿಳಿಯಲಿಲ್ಲ. “ಬಿತ್ತಾ? ನಮ್ ಅಬ್ಬಾ ಅಂಗೇನೂ ಯೋಳ್ಳಿಲ್ವಲ್ಲ ಸಾರ್. ಮೇಷ್ಟ್ರ ಮನೇಲಿ ರೈಲು ಮಾಡಿವ್ನಿ, ಸಂದಾಗಿ ಓಡ್ತದೆ ಅಂತ ಮಕ್ಕಳಿಗೆಲ್ಲ ಯೋಳೋರು.”

ನೀರು ಕೊಟ್ಟಳು. ಕುಡಿದು, ಬಂದ ಬಸ್ಸಿಗೇ ವಾಪಸಾದೆ.

ಆಮೇಲೆ ಆ ಏರನ್ನು ಇನ್ನಷ್ಟು ಉದ್ದಕ್ಕೆ ಹರಡಿ ನೂರಕ್ಕೆ ಎರಡಕ್ಕೆ ಇಳಿಸಿದೆ. ಈಗ ರೈಲು ಸೇತುವೆ ದಾಟುತ್ತದೆ. ನೋಡುತ್ತಾ ನಿಲ್ಲಲು ಮಾತ್ರ ಆಗುವುದಿಲ್ಲ. ಅಂದು ನಕ್ಕ ಗೆಳೆಯರಲ್ಲಿ ಇಬ್ಬರಿಗೆ ಈ ವಾರ ನಿಜ ಹೇಳಿದೆ. ಇಬ್ಬರಿಗೂ ಆ ಭಾನುವಾರವೇ ನೆನಪಿಲ್ಲ. ಅದನ್ನು ಕೇಳಬೇಕಾಗಿದ್ದ ಭಾಯ್ ಇಲ್ಲ. ಮೂರನೆಯವನಿಗೆ ಇವತ್ತು ಸಂಜೆ ಫೋನ್ ಮಾಡಬೇಕು...